ಕಬ್ಬಿಣದ ಗುಳಿಗಿ

ಹೆರಿಗೆಯಾಗಿ ಬಹಳ ಹೊತ್ತಾದರೂ ಕಸ್ತೂರಿಯ ರಕ್ತಸ್ರಾವ ನಿಂತಿರಲಿಲ್ಲ. ಗಂಡ ರಕ್ತ ತರಲು ಓಡಿದ್ದ. ಅತ್ತೆ ನರ್ಸಮ್ಮನ ಕೈ ಹಿಡಿದವಳು ಬಿಡಲೇ ಇಲ್ಲ.

"ಯವ್ವಾ, ಹೆಂಗರ ಮಾಡಿ ನನ್ನ ಸೊಸೀನ ಉಳಸ್ರಿ!"

"ರಕ್ತ ನಿಲ್ಲೋ ಇಂಜೆಕ್ಷನ್ ಕೊಟ್ಟೇವ್ರಿ. ಆದ್ರ ಈಕಿ ಮೈಯಾಗ ಮೊದಲಽ ರಕ್ತ ಇರಲಿಲ್ಲ. ಕಬ್ಬಿಣದ ಗುಳಿಗಿ ನುಂಗಿಲ್ಲೇನ್ರಿ?"

"ದಿನಾ ಊಟ ಆದಮ್ಯಾಲೆ ನನ್ನ ಕೈಯಾರೆ ಕೊಟ್ಟೇನ್ರಿ. ನನ್ನ ಕಣ್ಣೆದುರಿಗಽ ಬಾಯಾಗ ಹಾಕ್ಕೋತಿದ್ಲು."

ಕಸ್ತೂರಿ ಕಷ್ಟಪಟ್ಟು ಕಣ್ಣು ತೆರೆದಳು. ತುಟಿ ಸುಣ್ಣದಂತಾಗಿತ್ತು.

"ಹಿತ್ತಲಕ್ಕ ಹೋಗಿ ಉಗುಳ್ತಿದ್ದೆ ಅತ್ತೀ. ಆ ಗುಳಿಗಿ ನುಂಗಿದ್ರ ಕೂಸು ಕರ್ರಗಾಗತೈತಿ ಅಂತಾರ. ನನ್ನಂಗ ಕರ್ರಗ ಹುಟ್ಟಿದ್ರ ಎತ್ಕೊಳ್ಳಾಂಗಿಲ್ಲ ಅಂದಿದ್ರಲ್ಲ ನೀವು... ಕೂಸು ಬೆಳ್ಳಗೈತೇನ್ರಿ?"