ಡ್ರೋನ್ ಮಳಿಗೆ

ರಕ್ಷಣಾ ವಸ್ತುಪ್ರದರ್ಶನದ ಕೊನೆಯ ದಿನ. ಡ್ರೋನ್ ಕಂಪನಿಯ ಮಳಿಗೆಯಲ್ಲಿ ದೊಡ್ಡ ಪರದೆಯ ಮೇಲೆ ಒಂದೇ ವಿಡಿಯೊ ಮತ್ತೆ ಮತ್ತೆ ಓಡುತ್ತಿತ್ತು. ಆಕಾಶದಿಂದ ಕಾಣುವ ಒಂದು ಮನೆ, ಆಮೇಲೆ ಬರೀ ಹೊಗೆ. ಜನ ಬೆರಗಾಗಿ ನೋಡಿ ಮುಂದೆ ಹೋಗುತ್ತಿದ್ದರು. ಒಬ್ಬ ವಿದೇಶಿ ಹುಡುಗ ಮಾತ್ರ ಬೆಳಗಿನಿಂದ ಕದಲಿರಲಿಲ್ಲ.

"ನಮ್ಮ ಡ್ರೋನ್ ಇಷ್ಟ ಆಯ್ತಾ ಸರ್?" ಮಳಿಗೆಯ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು.

"ಕನ್ನಡ ಬರುತ್ತೆ ಮೇಡಂ. ಇಲ್ಲೇ ಫಾರ್ಮಸಿ ಓದ್ತಿದೀನಿ. ವಿಡಿಯೊ ಒಂದ್ಸಲ ನಿಲ್ಲಿಸ್ತೀರಾ?"

ಅವಳಿಗೆ ಉತ್ಸಾಹ ಬಂತು. ಸ್ಫೋಟದ ಹೊತ್ತಿಗೆ ಸರಿಯಾಗಿ ನಿಲ್ಲಿಸಿದಳು. "ಇದು ಟೆಸ್ಟಿಂಗ್ ಅಲ್ಲ, ನಿಜವಾದ ಯುದ್ಧದಲ್ಲಿ ತೆಗೆದಿದ್ದು. ನೋಡಿ, ಪಕ್ಕದ ಮನೆ ಗಾಜೂ ಒಡೆದಿಲ್ಲ."

"ಇನ್ನೂ ಸ್ವಲ್ಪ ಹಿಂದೆ."

ಹಿಂದೆ ಸರಿಸಿದಳು. ಹೊಗೆ ಮಾಯವಾಗಿ ಮನೆ ಎದ್ದು ನಿಂತಿತು. ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸು, ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ತಲೆ ಎತ್ತಿ ನೋಡಿದಳು.

"ಇಲ್ಲೇ. ಇಷ್ಟು ಸಾಕು."

ಇಷ್ಟು ದಿನ ಮಳಿಗೆಯಲ್ಲಿ ನಿಂತೂ ಹುಡುಗಿ ಆ ಹೆಂಗಸನ್ನು ಗಮನಿಸಿರಲಿಲ್ಲ. "ಅದು... ಉಗ್ರರ ಮನೆ ಅಂತ ಹೇಳಿದ್ರು ನಮಗೆ," ಎಂದಳು.

ಅವನು ಮೊಬೈಲ್ ಎತ್ತಿ ಪರದೆಗೆ ಹಿಡಿದ.

"ಸಾರಿ, ಫೋಟೊ ತೆಗೆಯೋ ಹಾಗಿಲ್ಲ. ಬೇಕಿದ್ರೆ ಬ್ರೋಷರ್ ತಗೊಳ್ಳಿ, ಅದರಲ್ಲಿ ಡ್ರೋನ್ ಫೋಟೊ ಚೆನ್ನಾಗಿದೆ."

"ಡ್ರೋನ್‌ದು ಬೇಡ ಮೇಡಂ, ಅಮ್ಮಂದು ಒಂದೇ ಒಂದು ತೆಕ್ಕೊಳ್ತೀನಿ. ಇದ್ದ ಫೋಟೊ ಎಲ್ಲಾ ಆ ಮನೇಲೇ ಇದ್ವು."