ಸೊಟ್ಟ ಹೊಲಿಗೆ

ವೃದ್ಧಾಶ್ರಮಕ್ಕೆ ನಿನ್ನೆಯಷ್ಟೇ ಬಂದ ತೊಂಬತ್ತೆಂಟರ ಕಟಿಂಗ್ ಮಾಸ್ಟರು, ಟೈಲರಜ್ಜಿ ಹೊಲಿದ ದಿಂಬಿನ ಕವರನ್ನು ಮೂಗಿನ ತನಕ ಎತ್ತಿ ನೋಡಿ, ಅಂಚಿನ ಹೊಲಿಗೆಯನ್ನು ಪರ್ರನೆ ಕಿತ್ತುಬಿಟ್ಟರು. "ಸೊಟ್ಟ. ಮತ್ತೆ ಹೊಲಿಯಮ್ಮ."

ನರ್ಸಮ್ಮ ಓಡಿ ಬಂದಳು. "ಅಯ್ಯೋ ತಾತಾ! ಅಜ್ಜಿಗೆ ತೊಂಬತ್ನಾಲ್ಕು ವರ್ಷ!"

"ಅದು ಬಟ್ಟೆಗೆ ಗೊತ್ತಾಗುತ್ತಾ?"

ಟೈಲರಜ್ಜಿಯ ಕಿವಿ ಕೆಂಪಾಯಿತು. ಇಲ್ಲಿಗೆ ಬಂದ ಮೂರು ವರ್ಷದಲ್ಲಿ ಅವಳ ತಪ್ಪು ಹಿಡಿದವರೇ ಇರಲಿಲ್ಲ. ಕಾಫಿ ಕುಡಿದರೆ 'ಸೂಪರ್ ಅಜ್ಜಿ', ಬಚ್ಚಲಿಗೆ ನಡೆದು ಹೋದರೆ 'ಸೂಪರ್ ಅಜ್ಜಿ', ಸೊಟ್ಟ ಹೊಲಿದರೂ ಅದೇ ಸೂಪರ್. ಹಾಗಂದವರು ಕೆನ್ನೆ ತಟ್ಟಿ ಮುಂದಿನ ಮಂಚಕ್ಕೆ ಹೋಗುತ್ತಿದ್ದರು; ಹೊಲಿಗೆಯನ್ನು ಯಾರೂ ನೋಡುತ್ತಿರಲಿಲ್ಲ. ಕೊನೆಗೆ ಅವಳೂ ನೋಡುವುದನ್ನು ಬಿಟ್ಟಿದ್ದಳು.

"ಕೊಡ್ರೀ ಇಲ್ಲಿ! ನಲವತ್ತು ವರ್ಷ ಅಂಗಡಿ ನಡೆಸಿದವಳು ನಾನು." ಕನ್ನಡಕ ಒರೆಸಿಕೊಂಡಳು. ದಾರ ಪೋಣಿಸಿಕೊಡಲು ಬಂದ ನರ್ಸಮ್ಮನ ಕೈ ತಳ್ಳಿದಳು. ಐದನೇ ಸಲಕ್ಕೆ ದಾರ ಸೂಜಿಯೊಳಗೆ ತೂರಿತು. ಅಂಚನ್ನು ಉಗುರಿನಿಂದ ಗೀರಿ, ಮಡಿಸಿ, ಊಟದ ಗಂಟೆ ಹೊಡೆದರೂ ಏಳದೆ ಹೊಲಿದು, ಉಳಿದ ಎರಡೇ ಹಲ್ಲಿನಲ್ಲಿ ದಾರ ಕಡಿದು, ಕವರನ್ನು ಮಾಸ್ಟರ ಮುಂದೆ ಕುಕ್ಕಿದಳು.

ಮಾಸ್ಟರು ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸಿದರು. ಮತ್ತೊಮ್ಮೆ ಓಡಿಸಿದರು. ಕವರನ್ನು ಮಡಚಿ ಪಕ್ಕಕ್ಕಿಟ್ಟು, ಹೊಲಿಯಲು ಬಿದ್ದಿದ್ದ ರಾಶಿಯಿಂದ ಇನ್ನೊಂದು ಬಟ್ಟೆ ಎಳೆದು ಅವಳ ಮಡಿಲಿಗೆ ಎಸೆದರು.

"ಪಾಪ, ಒಂದು ಒಳ್ಳೇ ಮಾತೂ ಆಡಲಿಲ್ವಲ್ಲ," ಎಂದು ನರ್ಸಮ್ಮ ಮರುಗಿದಳು. "ಏಳಿ ಅಜ್ಜಿ, ಊಟಕ್ಕೆ ಹೋಗೋಣ."

"ಹೊಲಿಗೆ ಸರಿಯಿದ್ರೆ ಮಾತು ಬರಲ್ಲ ಕಣೇ, ಮುಂದಿನ ಬಟ್ಟೆ ಬರುತ್ತೆ." ಟೈಲರಜ್ಜಿ ಆಗಲೇ ಸೂಜಿ ಎತ್ತಿಕೊಂಡಿದ್ದಳು. "ಊಟ ಆಮೇಲೆ. ನಂಗೆ ಕೆಲಸ ಇದೆ."