ಬೀಗರ ಮನೆಯ ಮುದ್ದೆ

ಜೋಳದ ಸೀಮೆಯ ಇಂಡಿ ಊರಿನ ನೀಲಗಂಗಾ ಮದ್ದೂರಿನ ಹುಡುಗನನ್ನು ಮೆಚ್ಚಿ ಮದುವೆಯಾದಾಗ ಅವಳ ಅಪ್ಪ ಸಿದ್ರಾಮಪ್ಪ ಅಂದದ್ದು ಒಂದೇ ಮಾತು: "ಅಗೀಲಾರದ ನುಂಗೂದು ಒಂದು ಊಟೇನವಾ?" ಆಮೇಲೆ ಎರಡು ವರ್ಷ ಮಗಳ ಮನೆಯತ್ತ ಸುಳಿಯಲಿಲ್ಲ.

ಕೊನೆಗೂ ಅವನು ಬಂದ ದಿನ ನೀಲಗಂಗಾ ಬೆಳಿಗ್ಗೆಯೇ ಎದ್ದು ಜೋಳದ ರೊಟ್ಟಿ ಬಡಿದಿಟ್ಟಳು. ಊಟಕ್ಕೆ ಕೂತ ಮಾವ ಪುಟ್ಟಸ್ವಾಮಿಗೌಡರು ಸುಮ್ಮನಿರದೆ ಕೆಣಕಿದರು.

"ನಿಮ್ ರೊಟ್ಟಿ ಮುರಿಯೋ ಸದ್ದಿಗೆ ನಮ್ ಎಮ್ಮೆ ಬೆದರ್ತದೆ ಬೀಗ್ರೆ. ಮುದ್ದೆ ಉಂಡ್ ನೋಡಿ."

"ನುಂಗಾಕ ನಾವೇನು ಹೆಬ್ಬಾವೇನ್ರಿ?"

ಇನ್ನೇನು ಜಗಳವಾಯಿತೆಂದು ನೀಲಗಂಗಾ ಹೆದರುವಷ್ಟರಲ್ಲಿ, ಅಪ್ಪ ರೊಟ್ಟಿ ಬದಿಗೆ ಸರಿಸಿ, ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದಿ ನುಂಗಿದ. ಇನ್ನೊಂದನ್ನೂ ಹಾಕಿಸಿಕೊಂಡ.

"ಸೋತ್ರಿ ಬೀಗ್ರೆ!" ಮಾವ ತೊಡೆ ತಟ್ಟಿ ನಕ್ಕರು.

"ಸೋತೆ ಬಿಡ್ರಿ," ಅಪ್ಪನೂ ನಕ್ಕ.

ಗಂಡನ ಮನೆಯನ್ನು ಅಪ್ಪ ಒಪ್ಪಿಕೊಂಡನೆಂದು ಅವಳ ಕಣ್ಣು ತುಂಬಿ ಬಂತು. ಹಿತ್ತಲಲ್ಲಿ ಅವನ ಕೈಗೆ ನೀರು ಹಾಕುತ್ತ ಕೇಳಿದಳು: "ನನ್ನ ಸಲುವಾಗಿ ಉಂಡ್ಯಾ ಅಪ್ಪಾ?"

ಅಪ್ಪ ಅತ್ತಿತ್ತ ನೋಡಿ ಪಿಸುಗುಟ್ಟಿದ: "ಹೋದ ವಾರ ದವಡಿ ಹಲ್ಲು ಪೂರಾ ಕೀಳಿಸೀನವಾ. ಬೀಗರ ಮುಂದ ಬಾಯಿ ಬಿಡಬ್ಯಾಡ."